ನ್ಯಾನೊತಂತಿ ಸೆನ್ಸರ್ ಮಾತು ಕೇಳುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಚಿಪ್ ಮೇಲೆ ಪ್ರೋಟೀನ್ ದ್ರಾವಣ ಬಿಟ್ಟಿದ್ದೀರಿ. ಪರದೆಯ ಮೇಲಿನ ಗೆರೆ ಮೇಲೇಳಬೇಕಿತ್ತು, ಏಳಲಿಲ್ಲ. ಅಥವಾ ಎದ್ದಿತು, ಆದರೆ ಬರೀ ಬಫರ್ (ಪಿಎಚ್ ಕದಲದಂತೆ ಹಿಡಿದಿಡುವ ದ್ರಾವಣ) ಬಿಟ್ಟಾಗಲೂ ಅಷ್ಟೇ ಎದ್ದಿತು. ಸಿಲಿಕಾನ್ ನ್ಯಾನೊತಂತಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಜೈವಿಕ ಅಣು ಹುಡುಕುವವರು ಈ ಘಟ್ಟ ದಾಟಿಯೇ ಮುಂದೆ ಹೋಗಬೇಕು. ಈಗ ಆ ಘಟ್ಟದಲ್ಲಿ ಕೂತಿರುವ ಎಂ.ಎಸ್ಸಿ., ಎಂ.ಟೆಕ್., ಪಿಎಚ್.ಡಿ. ಗೆಳೆಯರಿಗಾಗಿ ಇದನ್ನು ಬರೆದಿದ್ದೇನೆ.

ಇದು ಕೆಲಸ ಮಾಡುವ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಮಾಮೂಲಿ ಟ್ರಾನ್ಸಿಸ್ಟರ್‌ನಲ್ಲಿ ಸೋರ್ಸ್‌ನಿಂದ ಡ್ರೈನ್‌ಗೆ ಹರಿಯುವ ಕರೆಂಟನ್ನು ಗೇಟ್ ಹಿಡಿತದಲ್ಲಿಡುತ್ತದೆ. ಇಲ್ಲಿ ಗೇಟ್ ಲೋಹವಿಲ್ಲ, ಅದರ ಜಾಗದಲ್ಲಿ ಉಪ್ಪುನೀರು ನಿಂತಿದೆ. ಆ ನೀರಿನಲ್ಲಿ ಮುಳುಗಿದ ರೆಫರೆನ್ಸ್ ಎಲೆಕ್ಟ್ರೋಡ್ ಗೇಟ್ ವೋಲ್ಟೇಜ್ ಕೊಡುತ್ತದೆ. ತಂತಿಯ ಆಕ್ಸೈಡ್ ಪದರದ ಮೇಲೆ ಆಂಟಿಬಾಡಿಯನ್ನೋ ಡಿಎನ್‌ಎ ಎಳೆಯನ್ನೋ ಅಂಟಿಸಿರುತ್ತೇವೆ. ನಾವು ಹುಡುಕುವ ಅಣು ಬಂದು ಅದನ್ನು ಕಚ್ಚಿಕೊಂಡರೆ, ಆ ಅಣುವಿನ ಚಾರ್ಜ್‌ನಿಂದ ತಂತಿಯೊಳಗಿನ ಕರೆಂಟ್ ಏರುತ್ತದೆ ಅಥವಾ ಇಳಿಯುತ್ತದೆ. ಗೇಟ್ ಲೋಹ ತೆಗೆದು ದ್ರವ ಇಡುವ ಉಪಾಯವನ್ನು 1970ರಲ್ಲಿ ನೆದರ್‌ಲ್ಯಾಂಡ್ಸ್‌ನ ಪೀಟ್ ಬರ್ಗ್‌ವೆಲ್ಡ್ ತೋರಿಸಿದರು. 2001ರಲ್ಲಿ ಹಾರ್ವರ್ಡ್‌ನ ಚಾರ್ಲ್ಸ್ ಲೀಬರ್ ಅವರ ಗುಂಪು ಅದನ್ನು ನ್ಯಾನೊತಂತಿಗೆ ತಂದಿತು. ಪಿಎಚ್, ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್, ಕ್ಯಾಲ್ಸಿಯಂ ಅಯಾನು, ಮೂರನ್ನೂ ಅಂಥ ತಂತಿಯಲ್ಲಿ ಅಳೆಯಿತು.

ಒಂದು ಮಾತು ಮನಸ್ಸಿನಲ್ಲಿರಲಿ. ತಂತಿಗೆ ಅಣುವಿನ ಹೆಸರು ಗೊತ್ತಿಲ್ಲ. ಅದಕ್ಕೆ ತಿಳಿಯುವುದು ಚಾರ್ಜ್ ಮಾತ್ರ. ಉಪ್ಪು ಬದಲಾದರೂ, ಪಿಎಚ್ ಕದಲಿದರೂ, ಬೆಳಕು ಬಿದ್ದರೂ, ಎಲೆಕ್ಟ್ರೋಡ್ ಕೆಟ್ಟರೂ ಗೆರೆ ಏಳುತ್ತದೆ. ಹಾಗಾಗಿ ಇಲ್ಲಿ ಕೇಬಲ್ ಮತ್ತು ಎಲೆಕ್ಟ್ರೋಡ್ ಮೊದಲು ಬರುತ್ತವೆ, ರಸಾಯನ ಆಮೇಲೆ, ಚಿಪ್ ಒಡೆದು ನೋಡುವುದು ಕಟ್ಟಕಡೆಗೆ. ಮೇಲಿನದಕ್ಕೆ ಖರ್ಚಿಲ್ಲ, ಕೆಳಗಿನದಕ್ಕೆ ವಾರಗಟ್ಟಲೆ ಬೇಕು.

ಇಲ್ಲಿ ಹೇಳುವುದೆಲ್ಲ ಪಿ-ಟೈಪ್ (ಧನ ಚಾರ್ಜ್ ಹರಿಯುವ) ಸಿಲಿಕಾನ್ ತಂತಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಎನ್-ಟೈಪ್ (ಎಲೆಕ್ಟ್ರಾನ್ ಹರಿಯುವ ತಂತಿ) ಆದರೆ ಏರಿಕೆ ಇಳಿಕೆಗಳನ್ನು ತಿರುಗಿಸಿ ಓದಿಕೊಳ್ಳಿ.

## ಶುರು ಮಾಡುವ ಮುಂಚೆ

ಪ್ರತಿ ಚಿಪ್‌ಗೂ ಒಂದು ಜಾತಕ ಬರೆದಿಡಿ. ಒಣಗಿದ್ದಾಗ ಕರೆಂಟ್ ಎಷ್ಟು, ಬಫರ್‌ನಲ್ಲಿ ಗೇಟ್ ವೋಲ್ಟೇಜ್ ತಿರುಗಿಸಿದಾಗ ಕರೆಂಟ್ ಹೇಗೆ ಬದಲಾಯಿತು, ಗೇಟ್ ಸೋರಿಕೆ (ಗೇಟ್‌ನಿಂದ ತಪ್ಪಿ ಹರಿಯುವ ಕರೆಂಟ್) ಎಷ್ಟು. ಈ ಮೂರು ಮೊದಲ ದಿನವೇ ಪುಸ್ತಕದಲ್ಲಿ ಇರಬೇಕು. ಜಾತಕ ಇಲ್ಲದ ಚಿಪ್ ಕೆಟ್ಟರೆ ಅದು ಯಾವಾಗ ಕೆಟ್ಟಿತು ಎನ್ನುವುದೇ ತಿಳಿಯುವುದಿಲ್ಲ.

ಸಿಗ್ನಲ್ಲನ್ನು ನ್ಯಾನೊಆಂಪಿಯರ್‌ನಲ್ಲಿ ಹೇಳಬೇಡಿ, ಮಿಲಿವೋಲ್ಟ್‌ಗೆ ತಿರುಗಿಸಿ. ಕರೆಂಟಿನ ಬದಲಾವಣೆಯನ್ನು ಆ ತಂತಿಯ ಟ್ರಾನ್ಸ್‌ಕಂಡಕ್ಟೆನ್ಸ್‌ನಿಂದ ಭಾಗಿಸಿದರೆ ಆಯಿತು. ಗೇಟ್ ವೋಲ್ಟೇಜ್ ಬದಲಾದಾಗ ಕರೆಂಟ್ ಎಷ್ಟು ಬದಲಾಗುತ್ತದೆ ಎನ್ನುವ ಅಳತೆಯೇ ಟ್ರಾನ್ಸ್‌ಕಂಡಕ್ಟೆನ್ಸ್. ಟ್ರಾನ್ಸ್‌ಕಂಡಕ್ಟೆನ್ಸ್ 200 ನ್ಯಾನೊಸೀಮೆನ್ಸ್ ಇದ್ದು ಕರೆಂಟ್ 4 ನ್ಯಾನೊಆಂಪಿಯರ್ ಏರಿದರೆ, ಮೇಲ್ಮೈಯಲ್ಲಿ ಆದ ಬದಲಾವಣೆ 20 ಮಿಲಿವೋಲ್ಟ್. ಎರಡು ತಂತಿಗಳನ್ನು ಹೋಲಿಸಲು ಇದಕ್ಕಿಂತ ನ್ಯಾಯವಾದ ದಾರಿ ಇಲ್ಲ.

ಸುರಕ್ಷತೆಯ ಮಾತು. ಕೈಗೆ ಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳದೆ ಚಿಪ್ ಮುಟ್ಟಬೇಡಿ. ಚಳಿಗಾಲದ ಒಣಹವೆಯಲ್ಲಿ ನಮ್ಮ ಬೆರಳ ತುದಿಯ ಸ್ಥಿರವಿದ್ಯುತ್ ಸಾಕು, ತಂತಿ ಸತ್ತುಹೋಗುತ್ತದೆ. ತಂತಿಯ ಮೇಲೆ ಅಣು ಅಂಟಿಸಲು ಬಳಸುವ ಎಪಿಟಿಇಎಸ್, ಗ್ಲುಟರಾಲ್ಡಿಹೈಡ್ ಎರಡನ್ನೂ ಫ್ಯೂಮ್ ಹುಡ್ ಒಳಗೇ ತೆರೆಯಿರಿ. ಪಿರಾನ್ಹಾ ದ್ರಾವಣದ (ಸಲ್ಫ್ಯೂರಿಕ್ ಆಮ್ಲ, ಹೈಡ್ರೋಜನ್ ಪೆರಾಕ್ಸೈಡ್ ಬೆರಕೆ) ಹತ್ತಿರ ಅಸಿಟೋನ್, ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಬಾಟಲಿ ಸುಳಿಯಬಾರದು, ಸಿಡಿಯುತ್ತದೆ. ಅದನ್ನು ಮುಚ್ಚಳ ಬಿಗಿದು ಇಡಲೂಬಾರದು. ಆಕ್ಸೈಡ್ ತೆಗೆಯುವ ಹೈಡ್ರೋಫ್ಲೋರಿಕ್ ಆಮ್ಲ ಇವೆಲ್ಲಕ್ಕಿಂತ ಕೆಟ್ಟದ್ದು. ಚರ್ಮಕ್ಕೆ ತಾಗಿದಾಗ ನೋವು ತಡವಾಗಿ ಬರಬಹುದು. ಅಷ್ಟರಲ್ಲಿ ಅದು ಒಳಗಿಳಿದು ಮೈಯ ಕ್ಯಾಲ್ಸಿಯಂ ಹಿಡಿದುಕೊಂಡಿರುತ್ತದೆ. ತರಬೇತಿ ಇಲ್ಲದೆ, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಪಕ್ಕದಲ್ಲಿ ಇಲ್ಲದೆ, ಒಬ್ಬರೇ ಇದ್ದಾಗ ಅದನ್ನು ಮುಟ್ಟಲೇಬೇಡಿ. ಒಂದು ಹನಿ ತಾಗಿದರೂ ತೊಳೆದು, ಜೆಲ್ ಹಚ್ಚಿ, ನೇರ ಆಸ್ಪತ್ರೆಗೆ ಹೋಗಿ. ಈ ಕೈಪಿಡಿಯ ಯಾವ ಪರೀಕ್ಷೆಗೂ ಆ ಆಮ್ಲ ಬೇಕಿಲ್ಲ.

## ಲಕ್ಷಣ: ಕರೆಂಟೇ ಹರಿಯುತ್ತಿಲ್ಲ

ಒಂದೇ ತಂತಿಯೋ, ಎಲ್ಲ ತಂತಿಗಳೋ? ಮೊದಲು ಇದನ್ನು ನೋಡಿ. ಎಲ್ಲವೂ ಸತ್ತಂತಿದ್ದರೆ ಎಲ್ಲಕ್ಕೂ ಸೇರಿದ ಸೋರ್ಸ್ ಕಡೆ ತಪ್ಪಿದೆ. ಕೇಬಲ್, ಸಾಕೆಟ್, ಸೋರ್ಸ್‌ನ ವಯರ್‌ಬಾಂಡ್ (ಚಿಪ್ಪನ್ನು ಹೊರಗಿನ ಪಿನ್‌ಗೆ ಸೇರಿಸುವ ಸಣ್ಣ ತಂತಿ) ನೋಡಿ. ಪಿನ್ ನಂಬರ್ ತಪ್ಪಿರುವುದೂ ಉಂಟು. ಮೀಟರ್‌ನ ಕಾಂಪ್ಲಯನ್ಸ್ ಮಿತಿಯನ್ನು (ಅದು ದಾಟಲು ಬಿಡದ ಕರೆಂಟ್) ಹಿಂದಿನವರು ತೀರಾ ಕೆಳಗೆ ಇಟ್ಟು ಹೋಗಿರುವುದೂ ಉಂಟು.

ಒಂದೇ ತಂತಿ ಸುಮ್ಮನಿದ್ದರೆ ಗೇಟ್ ವೋಲ್ಟೇಜನ್ನು ಇನ್ನಷ್ಟು ಋಣದ ಕಡೆಗೆ ಒಯ್ಯಿರಿ. ಪಿ-ಟೈಪ್ ತಂತಿ ಆ ಕಡೆಯೇ ತೆರೆದುಕೊಳ್ಳುವುದು. ಅದಕ್ಕೂ ಏಳದಿದ್ದರೆ ಮೈಕ್ರೋಸ್ಕೋಪ್ ದೀಪ ಹಾಕಿ ನೋಡಿ. ಸಿಲಿಕಾನ್ ಬೆಳಕಿಗೆ ಮಿಡಿಯುತ್ತದೆ. ದೀಪ ಹಾಕಿದಾಗ ಕರೆಂಟ್ ಸ್ವಲ್ಪ ಏರಿ, ಆರಿಸಿದಾಗ ಇಳಿದರೆ ತಂತಿಗೆ ಜೀವ ಇದೆ, ತೊಂದರೆ ಗೇಟ್ ಕಡೆ ಇದೆ. ಬೆಳಕಿಗೂ ಮಿಸುಕದಿದ್ದರೆ ತಂತಿ ಮುರಿದಿರಬಹುದು ಅಥವಾ ಲೋಹ ಸಿಲಿಕಾನ್ ಸೇರುವ ಜಾಗ ಬಿಟ್ಟುಕೊಂಡಿರಬಹುದು. ಎರಡನ್ನೂ ನಾವು ಮೇಜಿನ ಮೇಲೆ ರಿಪೇರಿ ಮಾಡಲಾಗುವುದಿಲ್ಲ. ಆ ತಂತಿ ಬಿಟ್ಟು ಪಕ್ಕದ್ದಕ್ಕೆ ಹೋಗಿ.

ಮಲ್ಟಿಮೀಟರ್ ಓಮ್ ರೇಂಜ್‌ನಲ್ಲಿ ತಂತಿ ಮುಟ್ಟಿ ನೋಡುವ ಅಭ್ಯಾಸ ಬಿಟ್ಟುಬಿಡಿ. ಅದು ತನ್ನದೇ ವೋಲ್ಟೇಜ್ ಹಾಕುತ್ತದೆ, ಎಷ್ಟು ಅಂತ ನಮ್ಮ ಹಿಡಿತದಲ್ಲಿರುವುದಿಲ್ಲ. 50 ಮಿಲಿವೋಲ್ಟ್ ಡ್ರೈನ್ ವೋಲ್ಟೇಜ್ ಕೊಟ್ಟು ಅಳೆದರೆ ಸಾಕು.

## ಲಕ್ಷಣ: ಒಣಗಿದ್ದಾಗ ಚೆನ್ನಾಗಿತ್ತು, ನೀರು ಬಿದ್ದೊಡನೆ ಕೆಟ್ಟಿತು

ಇದು ಸೋರಿಕೆ. ಗೇಟ್ ಕರೆಂಟನ್ನು ಬೇರೆಯಾಗಿ ಅಳೆಯದೆ ಯಾವ ಪ್ರಯೋಗವನ್ನೂ ನಂಬಬೇಡಿ. ಡ್ರೈನ್ ಕರೆಂಟಿನ ನೂರನೇ ಒಂದು ಭಾಗಕ್ಕಿಂತ ಗೇಟ್ ಕರೆಂಟ್ ಜಾಸ್ತಿ ಆದರೆ ನಾನು ಆ ಅಳತೆಯನ್ನು ಪಕ್ಕಕ್ಕಿಡುತ್ತೇನೆ.

ಡ್ರೈನ್ ವೋಲ್ಟೇಜನ್ನು ಸೊನ್ನೆಯಲ್ಲಿಟ್ಟು ಗೇಟನ್ನು ಮಾತ್ರ ತಿರುಗಿಸಿ. ಈಗ ಡ್ರೈನ್‌ನಲ್ಲಿ ಕರೆಂಟ್ ಕಂಡರೆ ಅದು ನೀರಿನ ದಾರಿಯಿಂದಲೇ ಬಂದದ್ದು. ಡಿಸ್ಟಿಲ್ಡ್ ನೀರಿನಲ್ಲಿ ಕಡಿಮೆ ಇದ್ದು ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪುನೀರಿನ ಬಫರ್) ಹಾಕಿದಾಗ ಜಾಸ್ತಿಯಾದರೆ ಅನುಮಾನವೇ ಬೇಡ.

ಎಲ್ಲಿಂದ ಸೋರುತ್ತಿದೆ ಎನ್ನುವುದಕ್ಕೆ ಮೊದಲು ಕಣ್ಣು, ಆಮೇಲೆ ಯಂತ್ರ. ಚಿಪ್ ಮೇಲೆ ದ್ರವ ಹಿಡಿದಿಡುವ ಪಿಡಿಎಂಎಸ್ (ಸಿಲಿಕೋನ್ ರಬ್ಬರ್) ಬಾವಿಯ ಅಂಚಿನಿಂದ ನೀರು ಜಿನುಗಿ ಬಾಂಡ್ ಪ್ಯಾಡ್‌ವರೆಗೆ ಹೋಗಿದೆಯೇ? ಒಣಗಿದ ಮೇಲೆ ಬಿಳಿ ಉಪ್ಪಿನ ಕಲೆ ಉಳಿದಿರುತ್ತದೆ. ನಾನು ಕಂಡ ಸೋರಿಕೆಗಳಲ್ಲಿ ಹೆಚ್ಚಿನವು ಇಲ್ಲಿಯವೇ. ತೊಳೆದು, ಒಣಗಿಸಿ, ಬಾವಿಯನ್ನು ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ಅದಲ್ಲದಿದ್ದರೆ ಲೋಹವನ್ನು ಮುಚ್ಚಿದ ಎಸ್‌ಯು-8 ಎಂಬ ಪಾಲಿಮರ್ ಪದರ ಅಂಚಿನಲ್ಲಿ ಎದ್ದಿದೆಯೇ ನೋಡಿ. ಎದ್ದ ಜಾಗದಲ್ಲಿ ಬಣ್ಣದ ಉಂಗುರಗಳು ಕಾಣುತ್ತವೆ. ಇವೆರಡೂ ಅಲ್ಲವೆಂದರೆ ತಂತಿಯ ಮೇಲಿನ ಆಕ್ಸೈಡಿನಲ್ಲೇ ತೂತು ಬಿದ್ದಿದೆ. ಆ ಚಿಪ್ ಮುಗಿಯಿತು.

ಗೇಟ್ ವೋಲ್ಟೇಜನ್ನು ಒಂದು ವೋಲ್ಟಿನೊಳಗೇ ಇಟ್ಟುಕೊಳ್ಳಿ. ಎಲೆಕ್ಟ್ರೋಡ್ ಬಳಿ ಸಣ್ಣ ಗುಳ್ಳೆ ಏಳುತ್ತಿದ್ದರೆ ನೀರು ಒಡೆಯುತ್ತಿದೆ ಎಂದರ್ಥ. ತಕ್ಷಣ ನಿಲ್ಲಿಸಿ.

## ಲಕ್ಷಣ: ಏನೂ ಮಾಡದಿದ್ದರೂ ಗೆರೆ ಜಾರುತ್ತಲೇ ಇದೆ

ಜನರನ್ನು ಅತಿ ಹೆಚ್ಚು ಕಾಡುವುದು ಇದೇ. ಇಲ್ಲಿ ಅವಸರ ಬೇಡ.

ಎಲ್ಲ ತಂತಿಗಳ ಗೆರೆಗಳನ್ನೂ ಒಂದರ ಮೇಲೊಂದು ಹಾಕಿ ನೋಡಿ, ಮಿಲಿವೋಲ್ಟ್‌ನಲ್ಲಿ. ಎಲ್ಲವೂ ಒಟ್ಟಿಗೆ, ಒಂದೇ ಕಡೆಗೆ ಜಾರುತ್ತಿದ್ದರೆ ದೋಷ ತಂತಿಯಲ್ಲಿ ಇಲ್ಲ. ಎಲೆಕ್ಟ್ರೋಡ್, ಬಿಸಿ, ಬೆಳಕು, ದ್ರವ, ಇವು ನಾಲ್ಕರಲ್ಲಿ ಒಂದು. ಒಂದೇ ತಂತಿ ಗುಂಪು ಬಿಟ್ಟು ಹೋಗುತ್ತಿದ್ದರೆ ಅದರ ಆಕ್ಸೈಡಿನಲ್ಲೋ ಸಂಪರ್ಕದಲ್ಲೋ ತೊಂದರೆ.

ಜಾರುವ ರೂಪಕ್ಕೂ ಅರ್ಥ ಇದೆ. ಮೊದಲು ಜೋರಾಗಿ ಜಾರಿ ಆಮೇಲೆ ನಿಧಾನವಾಗುತ್ತಿದ್ದರೆ ಆಕ್ಸೈಡ್ ನೀರು ಕುಡಿಯುತ್ತಿದೆ. ಹೊಸ ಸಿಲಿಕಾನ್ ಡೈಆಕ್ಸೈಡ್ ಮೇಲ್ಮೈಗೆ ಇದು ಸಹಜ. ರಾತ್ರಿಯಿಡೀ ಬಫರ್‌ನಲ್ಲಿ ನೆನೆಹಾಕಿ ಬೆಳಿಗ್ಗೆ ಅಳೆಯಿರಿ. ಅಲ್ಯುಮಿನಿಯಂ ಆಕ್ಸೈಡ್, ಹಾಫ್ನಿಯಂ ಆಕ್ಸೈಡ್ ಪದರ ಇರುವ ತಂತಿಗಳಲ್ಲಿ ಈ ಕಾಟ ಕಡಿಮೆ. ಮೆಟ್ಟಿಲಿನಂತೆ ಹಾರಿ ಅಲ್ಲೇ ನಿಂತುಬಿಟ್ಟರೆ ಗುಳ್ಳೆ. ತಂತಿಯ ಮೇಲೆ ಗುಳ್ಳೆ ಕೂತರೆ ಗೇಟ್ ಸಂಪರ್ಕವೇ ಕಡಿಯುತ್ತದೆ. ಬಫರ್‌ನಲ್ಲಿ ಕರಗಿದ ಗಾಳಿಯನ್ನು ಮೊದಲೇ ತೆಗೆದಿಡುವುದು ಇದಕ್ಕೆ ಮದ್ದು. ಇನ್ನು ಗರಗಸದ ಹಲ್ಲಿನಂತೆ ಏರಿ ಇಳಿದು ಏರಿ ಇಳಿದು ಹೋಗುತ್ತಿದ್ದರೆ ಕೋಣೆಯ ಏಸಿ ನೋಡಿ. ನಾನು ಕೆಲಸ ಕಲಿತ ಲ್ಯಾಬ್‌ನಲ್ಲಿ ಇಂಥ ಹಲ್ಲುಗಳನ್ನು ಮೂರು ದಿನ ನೋಡಿದ್ದೆವು. ಚಿಪ್ ಪಕ್ಕ ಥರ್ಮಾಮೀಟರ್ ಇಟ್ಟು ಸಮಯ ಬರೆದುಕೊಂಡಾಗ ಏಸಿ ಕಂಪ್ರೆಸರ್ ಶುರುವಾಗುವ ಹೊತ್ತಿಗೂ ಹಲ್ಲಿಗೂ ಸರಿಯಾಗಿ ಹೊಂದಿತು. ಥರ್ಮೋಕೋಲ್ ಪೆಟ್ಟಿಗೆ ಮುಚ್ಚಿದೆವು, ಹಲ್ಲು ಹೋಯಿತು. ಕಪ್ಪು ಬಟ್ಟೆಯೂ ಮುಚ್ಚಿದರೆ ಬೆಳಕಿನ ಅನುಮಾನವೂ ತೀರುತ್ತದೆ.

ಈಗ ರೆಫರೆನ್ಸ್ ಎಲೆಕ್ಟ್ರೋಡ್. ಇಲ್ಲಿ ಸ್ವಲ್ಪ ನಿಲ್ಲೋಣ, ಇದರ ಮೇಲೆ ಬರುವಷ್ಟು ಕಡಿಮೆ ಅನುಮಾನ ಇನ್ಯಾವುದರ ಮೇಲೂ ಬರುವುದಿಲ್ಲ. ಪರೀಕ್ಷೆ ಸುಲಭ. ಎರಡು ಸಿಲ್ವರ್-ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್‌ಗಳನ್ನು ಒಂದೇ 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ನಿಲ್ಲಿಸಿ ನಡುವಿನ ವೋಲ್ಟೇಜ್ ಅಳೆಯಿರಿ. ಈ ಕೆಲಸಕ್ಕೆ ಮಲ್ಟಿಮೀಟರ್ ಸಾಕು. ಒಂದೆರಡು ಮಿಲಿವೋಲ್ಟ್ ಇದ್ದರೆ ಒಳ್ಳೆಯದು. ಹತ್ತು ದಾಟಿದರೆ ಅಥವಾ ಅಂಕಿ ನಿಲ್ಲದೆ ಓಡುತ್ತಿದ್ದರೆ ಎರಡರಲ್ಲಿ ಒಂದು ಕೆಟ್ಟಿದೆ. ಒಳಗಿನ ದ್ರಾವಣ ಬದಲಿಸಿ, ತುದಿಯ ಸರಂಧ್ರ ಬಿಲ್ಲೆಯನ್ನು ನೆನೆಹಾಕಿ, ಮತ್ತೆ ನೋಡಿ.

ಕ್ಲೋರೈಡ್ ಹಚ್ಚಿದ ಬರೀ ಬೆಳ್ಳಿ ತಂತಿಯನ್ನೇ ನೇರ ಬಫರ್‌ನಲ್ಲಿ ಮುಳುಗಿಸುವವರು ತುಂಬ ಜನ. ಚಾನೆಲ್ ಸಣ್ಣದಿದ್ದಾಗ ಅದು ಅನುಕೂಲ, ನಿಜ. ಆದರೆ ಆ ತಂತಿಯ ವೋಲ್ಟೇಜ್ ನೀರಿನಲ್ಲಿರುವ ಕ್ಲೋರೈಡನ್ನೇ ನೆಚ್ಚಿಕೊಂಡಿದೆ. ಕ್ಲೋರೈಡ್ ಹತ್ತು ಪಟ್ಟು ಕಡಿಮೆಯಾದರೆ ವೋಲ್ಟೇಜ್ ಸುಮಾರು 59 ಮಿಲಿವೋಲ್ಟ್ ಕದಲುತ್ತದೆ. ನೀವು ಹುಡುಕುವ ಪ್ರೋಟೀನ್ ಸಿಗ್ನಲ್ ಕೆಲವು ಮಿಲಿವೋಲ್ಟ್‌ನಿಂದ ಕೆಲವು ಹತ್ತು ಮಿಲಿವೋಲ್ಟ್. ಪಿಬಿಎಸ್ ತೆಳು ಮಾಡಿದ ದಿನ ಕಂಡ ದೊಡ್ಡ ಸಿಗ್ನಲ್ ಯಾರದ್ದು ಅಂತ ಈಗ ಗೊತ್ತಾಯಿತು ಅಲ್ವಾ? ಪ್ಲಾಟಿನಂ ತಂತಿಯನ್ನು ರೆಫರೆನ್ಸ್ ಮಾಡಿಕೊಂಡರೆ ಇನ್ನೂ ಕಷ್ಟ. ಪ್ರೋಟೀನ್ ಅದಕ್ಕೇ ಅಂಟಿ ಅದರ ವೋಲ್ಟೇಜನ್ನೇ ಬದಲಿಸಿಬಿಡುತ್ತದೆ.

ಗಾಜಿನ ಕೊಳವೆಯ ಸರಿಯಾದ ಎಲೆಕ್ಟ್ರೋಡ್‌ಗೂ ಒಂದು ದೋಷ ಇದೆ. ಅದರ ತುದಿಯಿಂದ ಪೊಟ್ಯಾಸಿಯಂ ಕ್ಲೋರೈಡ್ ನಿಧಾನವಾಗಿ ಹೊರಗೆ ಒಸರುತ್ತದೆ. ಬೀಕರ್‌ನಲ್ಲಾದರೆ ಲೆಕ್ಕಕ್ಕಿಲ್ಲ. ಕೆಲವೇ ಮೈಕ್ರೋಲೀಟರ್ ಹಿಡಿಯುವ ಚಾನೆಲ್‌ನಲ್ಲಿ, ಅದೂ ನೂರು ಪಟ್ಟು ತೆಳು ಮಾಡಿದ ಬಫರ್‌ನಲ್ಲಿ, ಉಪ್ಪು ಗಂಟೆಗಂಟೆಗೂ ಏರುತ್ತಾ ಹೋಗುತ್ತದೆ. ಎಲೆಕ್ಟ್ರೋಡನ್ನು ತಂತಿಗಳು ದಾಟಿದ ಮೇಲೆ, ದ್ರವ ಹೊರಹೋಗುವ ಕಡೆ ಇಡಿ. ಒಸರಿದ್ದು ಹರಿದು ಹೋಗುತ್ತದೆ.

## ಲಕ್ಷಣ: ಗೆರೆ ದಪ್ಪ ಇದೆ, ಗದ್ದಲ ಜಾಸ್ತಿ

ಮೊಬೈಲನ್ನು ಮೇಜಿನಿಂದ ದೂರ ಇಡಿ. ಪಂಪ್ ನಿಲ್ಲಿಸಿ ನೋಡಿ. ಗದ್ದಲ ನಿಂತರೆ ಪಂಪಿನದ್ದು. ಉಪ್ಪುನೀರು ತುಂಬಿದ ಕೊಳವೆ ಒಳ್ಳೆಯ ಆಂಟೆನಾ ಇದ್ದಂತೆ, ಅದನ್ನು ಚಿಕ್ಕದಾಗಿಡಿ. ಕೊಳವೆಯ ಹತ್ತಿರ ಕೈ ತಂದಾಗ ಗೆರೆ ಅಲುಗಿದರೆ ಲೋಹದ ಪೆಟ್ಟಿಗೆ ಮುಚ್ಚಿ, ಪೆಟ್ಟಿಗೆಯನ್ನು ಅರ್ತ್ ಮಾಡಿ. ಎಲ್ಲ ಉಪಕರಣಗಳ ಅರ್ತ್ ಒಂದೇ ಬಿಂದುವಿಗೆ ಸೇರಬೇಕು. 50 ಹರ್ಟ್ಜ್ ಗದ್ದಲ ಇದರಿಂದಲೇ ಬಹುಪಾಲು ಹೋಗುತ್ತದೆ.

ಉಳಿದದ್ದು ತಂತಿಯ ಒಳಗಿನದು. ಗೇಟ್ ಬಿಂದು ಬದಲಿಸಿ ನೋಡಿ. ಕರೆಂಟ್ ಇನ್ನೇನು ಆರುವ ಸಬ್‌ಥ್ರೆಶೋಲ್ಡ್ ಭಾಗದಲ್ಲಿ ಬದಲಾವಣೆಯ ಶೇಕಡಾವಾರು ಹೆಚ್ಚು ಕಾಣುತ್ತದೆ, ಅದೇ ಒಳ್ಳೆಯದು ಎನ್ನುವವರಿದ್ದಾರೆ. ಸಿಗ್ನಲ್ ಮತ್ತು ಗದ್ದಲ ಎರಡನ್ನೂ ಅಳೆದು ನೋಡಿದರೆ ಟ್ರಾನ್ಸ್‌ಕಂಡಕ್ಟೆನ್ಸ್ ತುದಿಯೇ ಮೇಲು ಎನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಕೈಹಿಡಿದಿದೆ. ನಿಮ್ಮ ಚಿಪ್‌ನಲ್ಲಿ ಎರಡೂ ಕಡೆ ಹತ್ತು ನಿಮಿಷ ಅಳೆದು ನೋಡಿ, ಖರ್ಚೇನೂ ಇಲ್ಲ.

## ಲಕ್ಷಣ: ಪಿಎಚ್ ಬದಲಿಸಿದರೂ ತಂತಿ ತಣ್ಣಗಿದೆ

ಪ್ರೋಟೀನ್ ಮುಟ್ಟುವ ಮುಂಚೆ ಪ್ರತಿ ಚಿಪ್‌ಗೂ ಪಿಎಚ್ ಪರೀಕ್ಷೆ ಆಗಲೇಬೇಕು. ಪಿಎಚ್ 4, 7, 10ರ ಬಫರ್‌ಗಳು ಎಲ್ಲ ಲ್ಯಾಬ್‌ನಲ್ಲೂ ಇರುತ್ತವೆ. ಪಿಎಚ್ ಏರಿದಂತೆ ಮೇಲ್ಮೈ ಹೆಚ್ಚು ಋಣವಾಗುತ್ತದೆ, ಪಿ-ಟೈಪ್ ತಂತಿಯ ಕರೆಂಟ್ ಏರುತ್ತದೆ. ಬರೀ ಸಿಲಿಕಾನ್ ಡೈಆಕ್ಸೈಡ್ ಆದರೆ ಒಂದು ಪಿಎಚ್‌ಗೆ 30ರಿಂದ 40 ಮಿಲಿವೋಲ್ಟ್ ಸಿಗುತ್ತದೆ. ಅಲ್ಯುಮಿನಿಯಂ ಅಥವಾ ಹಾಫ್ನಿಯಂ ಆಕ್ಸೈಡ್ ಆದರೆ 50ರ ಮೇಲೆ ನಿರೀಕ್ಷಿಸಬಹುದು. ಕೋಣೆಯ ಬಿಸಿಯಲ್ಲಿ ಮೇಲ್ಮಿತಿ ಸುಮಾರು 59.

ಹತ್ತೋ ಹದಿನೈದೋ ಮಾತ್ರ ಬಂದರೆ ಮೇಲ್ಮೈ ಕೊಳೆಯಾಗಿದೆ, ಚಿಪ್ ತಯಾರಿಯಲ್ಲಿ ಬಳಿದ ಫೋಟೊರೆಸಿಸ್ಟ್ ಲೇಪ ಉಳಿದಿರಬಹುದು. ಕೆಲವು ನಿಮಿಷ ಆಕ್ಸಿಜನ್ ಪ್ಲಾಸ್ಮಾ ಕೊಟ್ಟು ಮತ್ತೆ ನೋಡಿ. 59 ದಾಟಿದರೆ ಹಿಗ್ಗಬೇಡಿ. ತಂತಿಯ ಕೆಳಗಿನ ಸಿಲಿಕಾನ್ ತಳವನ್ನೇ ಗೇಟ್ ಮಾಡಿದ ಬ್ಯಾಕ್‌ಗೇಟ್‌ನಿಂದ ಅಳೆಯುತ್ತಿದ್ದರೆ ಅಂಕಿ ದೊಡ್ಡದಾಗಿ ಕಾಣುತ್ತದೆ, ಅದು ಸಹಜ. ದ್ರವದ ಗೇಟ್‌ನಿಂದಲೇ ಅಳೆದೂ 59 ದಾಟಿದರೆ ಎಲೆಕ್ಟ್ರೋಡ್ ಸೇರಿಕೊಂಡು ಸುಳ್ಳು ಹೇಳುತ್ತಿದೆ. ಜಾರುವ ಗೆರೆಯ ಭಾಗಕ್ಕೆ ವಾಪಸ್ ಹೋಗಿ. ಅಂದಹಾಗೆ, ಬ್ಯಾಕ್‌ಗೇಟ್‌ಗೆ ಹತ್ತಾರು ವೋಲ್ಟ್ ಕೊಡುವವರು ಚಿಪ್ ಹಿಡಿಕೆ ಮುಟ್ಟುವ ಮುಂಚೆ ಔಟ್‌ಪುಟ್ ಆರಿಸಿ.

ಈ ಪರೀಕ್ಷೆ ಪಾಸಾಗದ ಚಿಪ್ ಮೇಲೆ ಆಂಟಿಬಾಡಿ ಹಾಕಬೇಡಿ. ಒಂದು ಚಿಕ್ಕ ಸೀಸೆಗೆ ಎಷ್ಟು ದುಡ್ಡು ಅಂತ ನಿಮಗೇ ಗೊತ್ತು.

## ಲಕ್ಷಣ: ಪಿಎಚ್‌ಗೆ ಮಿಡಿಯುತ್ತದೆ, ಪ್ರೋಟೀನ್‌ಗೆ ಇಲ್ಲ

ಮೊದಲ ಪ್ರಶ್ನೆ, ಯಾವ ಬಫರ್‌ನಲ್ಲಿ ಅಳೆಯುತ್ತಿದ್ದೀರಿ? ನೀರಿನಲ್ಲಿರುವ ಉಪ್ಪಿನ ಅಯಾನುಗಳು ಪ್ರೋಟೀನಿನ ಚಾರ್ಜನ್ನು ಸುತ್ತುಗಟ್ಟಿ ಮರೆಮಾಡುತ್ತವೆ. ಆ ಮರೆಯ ದೂರವನ್ನು ಡಿಬೈ ಉದ್ದ ಎನ್ನುತ್ತಾರೆ. ಸೋಡಿಯಂ ಕ್ಲೋರೈಡಿನಂಥ ಉಪ್ಪಿಗೆ ಲೆಕ್ಕ ಸುಲಭ. 0.304ನ್ನು ಮೋಲಾರ್‌ನಲ್ಲಿರುವ ಅಯಾನಿಕ್ ಬಲದ ವರ್ಗಮೂಲದಿಂದ ಭಾಗಿಸಿದರೆ ಉತ್ತರ ನ್ಯಾನೊಮೀಟರ್‌ನಲ್ಲಿ ಬರುತ್ತದೆ. ಮಾಮೂಲಿ ಪಿಬಿಎಸ್‌ನಲ್ಲಿ ಅದು 0.7ರಿಂದ 0.8 ನ್ಯಾನೊಮೀಟರ್. ಹತ್ತು ಪಟ್ಟು ತೆಳು ಮಾಡಿದರೆ ಸುಮಾರು 2.4. ನೂರು ಪಟ್ಟು ತೆಳು ಮಾಡಿದರೆ 7.5ರ ಹತ್ತಿರ. ಒಂದು ಇಡೀ ಆಂಟಿಬಾಡಿಯೇ ಹತ್ತು ನ್ಯಾನೊಮೀಟರ್ ಮೇಲಿದೆ. ಅದರ ತಲೆಯ ಮೇಲೆ ಬಂದು ಕೂತ ಪ್ರೋಟೀನ್ ಮಾಮೂಲಿ ಪಿಬಿಎಸ್‌ನಲ್ಲಿ ತಂತಿಗೆ ಕಾಣುವುದೇ ಇಲ್ಲ. ಯೇಲ್‌ನ ಮಾರ್ಕ್ ರೀಡ್ ಅವರ ಗುಂಪು 2007ರಲ್ಲಿ ಇದನ್ನು ಪ್ರಯೋಗದಲ್ಲೇ ತೋರಿಸಿತು. ಉಪ್ಪು ಹೆಚ್ಚಿಸಿದಂತೆ ಸಿಗ್ನಲ್ ಮಾಯವಾಯಿತು.

ಹಾಗಾಗಿ ಕಚ್ಚಿಕೊಳ್ಳುವುದು ಮಾಮೂಲಿ ಪಿಬಿಎಸ್‌ನಲ್ಲೇ ಆಗಲಿ, ಅಲ್ಲಿ ಆಂಟಿಬಾಡಿ ಆರಾಮಾಗಿರುತ್ತದೆ. ಆಮೇಲೆ ತೆಳು ಬಫರ್‌ನಲ್ಲಿ ತೊಳೆದು, ಅದರಲ್ಲೇ ಅಳೆಯಿರಿ. ಇಡೀ ಆಂಟಿಬಾಡಿ ಬದಲು ಅದರ ಕಚ್ಚುವ ತುಂಡನ್ನೋ ಆಪ್ಟಮರನ್ನೋ (ಗುರಿ ಅಣುವನ್ನು ಹಿಡಿಯುವ ಡಿಎನ್‌ಎ ಅಥವಾ ಆರ್‌ಎನ್‌ಎ ತುಂಡು) ಅಂಟಿಸಿದರೆ ಗುರಿ ಅಣು ತಂತಿಗೆ ಇನ್ನೂ ಹತ್ತಿರ ಬರುತ್ತದೆ.

ಉಪ್ಪು ಸರಿ ಇದ್ದೂ ಸಿಗ್ನಲ್ ಇಲ್ಲದಿದ್ದರೆ ಅಂಟಿಸಿದ್ದು ಅಂಟಿದೆಯೇ ನೋಡಬೇಕು. ತಂತಿ ಇಲ್ಲದ ಖಾಲಿ ಸಿಲಿಕಾನ್ ತುಂಡೊಂದನ್ನು ಪ್ರತಿ ಸಲವೂ ಚಿಪ್ ಜೊತೆಗೇ ಅದೇ ದ್ರಾವಣಗಳಲ್ಲಿ ಓಡಿಸಿ. ಎಪಿಟಿಇಎಸ್ ಆದ ಮೇಲೆ ಅದರ ಮೇಲೊಂದು ನೀರಿನ ಹನಿ ಬಿಡಿ. ಪ್ಲಾಸ್ಮಾ ಆದಾಗ ಹನಿ ಪೂರ್ತಿ ಹರಡಿತ್ತು, ಈಗ ಸ್ವಲ್ಪ ಎದ್ದು ನಿಲ್ಲಬೇಕು. ಕೊನೆಗೆ ಬಣ್ಣ ಸೂಸುವ ಪ್ರೋಟೀನ್ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ. ತುಂಡು ಹೊಳೆಯದಿದ್ದರೆ ಚಿಪ್ಪನ್ನು ಬೈದು ಪ್ರಯೋಜನವಿಲ್ಲ.

ಎಪಿಟಿಇಎಸ್ ತೇವ ಕಂಡರೆ ಕೆಡುತ್ತದೆ. ಬಾಟಲಿ ಮಬ್ಬಾಗಿದ್ದರೆ ಎಸೆಯಿರಿ. ಮಂಗಳೂರಿನ ಮಳೆಗಾಲದ ಹವೆಯಲ್ಲಿ ತೆರೆದಿಟ್ಟ ಬಾಟಲಿಗೂ, ಬಳ್ಳಾರಿಯ ಬೇಸಿಗೆಯ ಬಾಟಲಿಗೂ ಆಯುಸ್ಸು ಒಂದೇ ಇರುವುದಿಲ್ಲ. ತೇವ ಜಾಸ್ತಿಯಾದರೆ ಒಂದು ತೆಳು ಪದರದ ಬದಲು ಗಂಟುಗಂಟಾದ ದಪ್ಪ ಪದರ ಕೂರುತ್ತದೆ. ಆಗ ಪ್ರೋಟೀನ್ ತಂತಿಯಿಂದ ಇನ್ನೂ ದೂರ. ಒಣ ಟೊಲುವೀನ್ ಬಳಸಿ ಅಥವಾ ಆವಿಯ ರೂಪದಲ್ಲಿ ಕೊಡಿ.

ಇನ್ನೊಂದು ಸಣ್ಣ ತಪ್ಪು ಅನೇಕರ ವಾರ ನುಂಗಿದೆ. ಆಂಟಿಬಾಡಿಯನ್ನು ಅಂಟಿಸುವ ಇಡಿಸಿ-ಎನ್‌ಎಚ್‌ಎಸ್ ಅಥವಾ ಗ್ಲುಟರಾಲ್ಡಿಹೈಡ್ ಹಂತದಲ್ಲಿ ಟ್ರಿಸ್ ಬಫರ್ ಬಳಸಬಾರದು. ಟ್ರಿಸ್‌ನಲ್ಲೇ ಅಮೀನ್ ಇದೆ. ನಿಮ್ಮ ಆಂಟಿಬಾಡಿ ಕೂರಬೇಕಾದ ಜಾಗದಲ್ಲಿ ಅದೇ ಹೋಗಿ ಕೂರುತ್ತದೆ. ಇಡಿಸಿ, ಎನ್‌ಎಚ್‌ಎಸ್ ಎರಡನ್ನೂ ಬಳಸುವ ಹೊತ್ತಿಗೇ ನೀರಿಗೆ ಹಾಕಿ, ನಿನ್ನೆ ಕಲಸಿಟ್ಟದ್ದು ಬೇಡ.

ಇಷ್ಟೆಲ್ಲ ಸರಿ ಇದ್ದರೆ ಕಾಲದ ಲೆಕ್ಕ ಹಾಕಿ. ಅಣುಗಳು ತೀರಾ ಕಡಿಮೆ ಇದ್ದರೆ, ಫೆಮ್ಟೊಮೋಲಾರ್ ಮಟ್ಟದಲ್ಲಿ, ಅವು ತೇಲಿಕೊಂಡು ಇಷ್ಟು ಸಣ್ಣ ತಂತಿಯನ್ನು ತಲುಪಲು ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು. ಹತ್ತು ನಿಮಿಷ ಕಾದು ಸಿಗ್ನಲ್ ಇಲ್ಲ ಅಂದರೆ ತಂತಿಯ ತಪ್ಪಲ್ಲ. ಮೊದಲು ನ್ಯಾನೊಮೋಲಾರ್‌ನಲ್ಲಿ ಗೆದ್ದು, ಆಮೇಲೆ ಕೆಳಗಿಳಿಯಿರಿ. ಗುರಿ ಪ್ರೋಟೀನಿನ ಐಸೊಎಲೆಕ್ಟ್ರಿಕ್ ಬಿಂದುವೂ ನಿಮ್ಮ ಬಫರ್‌ನ ಪಿಎಚ್ಚೂ ಒಂದೇ ಆಗಿದೆಯೇ ಎಂದೂ ನೋಡಿ. ಆಗಿದ್ದರೆ ಆ ಪ್ರೋಟೀನ್‌ಗೆ ಒಟ್ಟು ಚಾರ್ಜೇ ಇರುವುದಿಲ್ಲ.

## ಲಕ್ಷಣ: ಏನು ಹಾಕಿದರೂ ಸಿಗ್ನಲ್ ಬರುತ್ತದೆ

ಸಿಗ್ನಲ್ ಇಲ್ಲದ ಚಿಪ್‌ಗಿಂತ ಇದು ಅಪಾಯ. ಇಲ್ಲದಿದ್ದರೆ ನಾವು ಹುಡುಕುತ್ತೇವೆ. ಬಂದುಬಿಟ್ಟರೆ ನಂಬಿಬಿಡುತ್ತೇವೆ.

ಮೊದಲು ಬಫರ್ ತೆಗೆದು ಅದೇ ಬಾಟಲಿಯ ಬಫರನ್ನೇ ಮತ್ತೆ ಬಿಡಿ. ಗೆರೆ ಕದಲಿದರೆ ಅದು ಹರಿವಿನದ್ದು ಅಥವಾ ಗುಳ್ಳೆಯದ್ದು. ಹರಿವು ನಿಲ್ಲಿಸಿ, ಶುರುಮಾಡಿ ನೋಡಿದರೆ ಸ್ಪಷ್ಟವಾಗುತ್ತದೆ.

ಆಮೇಲೆ ಪ್ರೋಟೀನ್ ಯಾವ ದ್ರಾವಣದಲ್ಲಿ ಬಂದಿದೆ ಎಂದು ಸೀಸೆಯ ಚೀಟಿ ಓದಿ. ಗ್ಲಿಸರಾಲ್, ಸೋಡಿಯಂ ಅಜೈಡ್, ಮಾಮೂಲಿ ಪಿಬಿಎಸ್, ಎಲ್ಲ ಇರಬಹುದು. ನೂರು ಪಟ್ಟು ತೆಳು ಬಫರ್‌ಗೆ ಆ ಸೀಸೆಯಿಂದ ನೂರನೇ ಒಂದು ಪಾಲು ಸೇರಿಸಿದರೂ ಉಪ್ಪು ಎರಡು ಪಟ್ಟಾಗುತ್ತದೆ. ನನ್ನ ಮೊದಲ ಡಿಎನ್‌ಎ ಸಿಗ್ನಲ್ ಇದೇ ಆಗಿತ್ತು. ಹೊಂದದ ಡಿಎನ್‌ಎ ಹಾಕಿದಾಗಲೂ ಅಷ್ಟೇ ಬಂತು, ಕೊನೆಗೆ ಡಿಎನ್‌ಎಯೇ ಇಲ್ಲದ ಬರೀ ದ್ರಾವಣ ಹಾಕಿದಾಗಲೂ ಬಂತು. ಆ ದಿನದಿಂದ ಪ್ರತಿ ಮಾದರಿಯನ್ನೂ ಅಳೆಯುವ ಬಫರ್‌ಗೇ ಡಯಾಲಿಸಿಸ್ ಮಾಡಿ, ವಾಹಕತೆ ಮೀಟರ್‌ನಲ್ಲಿ ಎರಡನ್ನೂ ಹೋಲಿಸಿದ ಮೇಲೆಯೇ ಬಿಡುತ್ತೇನೆ.

ತೆಳು ಬಫರ್‌ಗೆ ಇನ್ನೊಂದು ದೌರ್ಬಲ್ಯ. ಅದಕ್ಕೆ ಪಿಎಚ್ ಹಿಡಿದಿಡುವ ಶಕ್ತಿ ಇಲ್ಲ. ನೂರು ಪಟ್ಟು ತೆಳು ಮಾಡಿದ ಪಿಬಿಎಸ್‌ನಲ್ಲಿ ಫಾಸ್ಫೇಟ್ ಉಳಿಯುವುದು ಸುಮಾರು 0.1 ಮಿಲಿಮೋಲಾರ್. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದರೂ ಪಿಎಚ್ ಕದಲುತ್ತದೆ. ಪಿಎಚ್ 0.1 ಕದಲಿದರೆ ಸಾಕು, ಮೂರರಿಂದ ಆರು ಮಿಲಿವೋಲ್ಟ್ ಸುಳ್ಳು ಸಿಗ್ನಲ್ ಸಿದ್ಧ. ಬಫರನ್ನು ದಿನವೂ ಹೊಸದಾಗಿ ಮಾಡಿ, ಮುಚ್ಚಿಡಿ.

ಇವೆಲ್ಲ ದಾಟಿದ ಮೇಲೆ ನಿಜವಾದ ಅಂಟುವಿಕೆಗೆ ಬನ್ನಿ. ಸಂಬಂಧವಿಲ್ಲದ ಪ್ರೋಟೀನ್ ಹಾಕಿ ನೋಡಿ. ಅದಕ್ಕೂ ಏರಿದರೆ ಮೇಲ್ಮೈಯಲ್ಲಿ ಖಾಲಿ ಜಾಗ ಉಳಿದಿದೆ. ಎಥನಾಲಮೀನ್, ಬಿಎಸ್‌ಎ (ಹಸುವಿನ ಆಲ್ಬುಮಿನ್) ಅಥವಾ ಪಿಇಜಿಯಿಂದ (ಪಾಲಿಎಥಿಲೀನ್ ಗ್ಲೈಕಾಲ್) ಮುಚ್ಚಿ. ಚಿಪ್‌ನಲ್ಲಿ ಒಂದೆರಡು ತಂತಿಗಳಿಗೆ ಆಂಟಿಬಾಡಿ ಹಾಕದೆ ಸುಮ್ನೆ ಮುಚ್ಚಿಡಿ. ಅವೇ ನಿಮ್ಮ ಸಾಕ್ಷಿ. ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಪಿ-ಟೈಪ್, ಎನ್-ಟೈಪ್ ಎರಡೂ ಇರುವ ಚಿಪ್ ಬೇಕು. ನಿಜವಾದ ಚಾರ್ಜ್ ಬಂದರೆ ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಹಾರ್ವರ್ಡ್ ಗುಂಪು 2005ರಲ್ಲಿ ಕ್ಯಾನ್ಸರ್ ಸೂಚಕ ಪ್ರೋಟೀನ್‌ಗಳನ್ನು ಅಳೆದಾಗ ಸುಳ್ಳು ಸಿಗ್ನಲ್ ಬೇರ್ಪಡಿಸಿದ್ದು ಹೀಗೆಯೇ. ದಿಕ್ಕು ಉಲ್ಟಾ ಬಂದರೂ ಯೋಚಿಸಿ. ಋಣ ಚಾರ್ಜಿನ ಡಿಎನ್‌ಎ ಬಂದು ಪಿ-ಟೈಪ್ ತಂತಿಯ ಕರೆಂಟ್ ಇಳಿದರೆ, ನೀವು ನೋಡುತ್ತಿರುವುದು ಡಿಎನ್‌ಎ ಇರಲಾರದು.

## ಲಕ್ಷಣ: ಒಮ್ಮೆ ಕೆಲಸ ಮಾಡಿತು, ಎರಡನೇ ಸಲ ಇಲ್ಲ

ಮತ್ತೆ ಬಳಸಬೇಕಾದರೆ ಕಚ್ಚಿಕೊಂಡ ಅಣುವನ್ನು ಮೊದಲು ಬಿಡಿಸಬೇಕು. ಸ್ಟ್ರೆಪ್ಟಾವಿಡಿನ್-ಬಯೋಟಿನ್ ಜೋಡಿ ಬಿಡಿಸಲಾಗದು, ಪ್ರಯತ್ನವೇ ಬೇಡ. ಆಂಟಿಬಾಡಿ ಹಿಡಿದ ಅಣುವನ್ನು ಪಿಎಚ್ 2ರ ಗ್ಲೈಸಿನ್‌ನಿಂದ ತೊಳೆದು ಬಿಡಿಸುತ್ತಾರೆ. ಆದರೆ ಪ್ರತಿ ತೊಳೆತಕ್ಕೂ ಒಂದಿಷ್ಟು ಆಂಟಿಬಾಡಿ ಕೆಡುತ್ತದೆ. ಪಿಎಚ್ ಪರೀಕ್ಷೆ ಮತ್ತೆ ಮಾಡಿ. ತಂತಿ ಮೊದಲಿನಂತೆ ಮಿಡಿದರೆ ಕೆಟ್ಟಿರುವುದು ಮೇಲಿನ ಆಂಟಿಬಾಡಿ. ಮಿಡಿಯದಿದ್ದರೆ ಆಕ್ಸೈಡ್.

## ಲಕ್ಷಣ: ಬಫರ್‌ನಲ್ಲಿ ಸರಿ, ರಕ್ತದಲ್ಲಿ ಇಲ್ಲ

ಸೀರಂನಲ್ಲಿ ಉಪ್ಪು ಮಾಮೂಲಿ ಪಿಬಿಎಸ್‌ನಷ್ಟೇ ಇದೆ. ಜೊತೆಗೆ ಆಲ್ಬುಮಿನ್ ಲೀಟರಿಗೆ 35ರಿಂದ 50 ಗ್ರಾಂ. ನಿಮ್ಮ ಗುರಿ ಅಣು ಅದರ ಮುಂದೆ ಸಾಸಿವೆ ಕಾಳು. ನೇರ ಸೀರಂ ಬಿಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. 2005ರ ಪ್ರಯೋಗದಲ್ಲೂ ಸೀರಂನ ಉಪ್ಪನ್ನು ಮೊದಲು ತೆಗೆದಿದ್ದರು. 2010ರಲ್ಲಿ ಯೇಲ್ ಗುಂಪು ಇನ್ನೊಂದು ದಾರಿ ತೋರಿಸಿತು. ಒಂದು ಚಿಪ್ ರಕ್ತದಿಂದ ಸೂಚಕ ಪ್ರೋಟೀನನ್ನು ಹಿಡಿದು, ಉಳಿದದ್ದನ್ನು ತೊಳೆದು, ಆಮೇಲೆ ಶುದ್ಧ ಬಫರ್‌ಗೆ ಬಿಡುತ್ತದೆ. ನ್ಯಾನೊತಂತಿ ಆ ಬಫರನ್ನು ಮಾತ್ರ ನೋಡುತ್ತದೆ. ಸಣ್ಣ ಲ್ಯಾಬ್‌ನಲ್ಲಿ ಇದನ್ನೇ ಆಂಟಿಬಾಡಿ ಹಚ್ಚಿದ ಕಾಂತದ ಮಣಿಗಳಿಂದ ಮಾಡಬಹುದು.

ಮನುಷ್ಯರ ರಕ್ತ ಮುಟ್ಟುವವರು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿರಬೇಕು. ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯೂ ಬೇಕು. ಬಳಸಿದ ಚಿಪ್, ಕೊಳವೆ ಎಲ್ಲವೂ ಜೈವಿಕ ತ್ಯಾಜ್ಯದ ಡಬ್ಬಕ್ಕೆ. ಈ ಚಿಪ್‌ನ ಅಂಕಿ ನೋಡಿ ಯಾರಿಗೂ ಕಾಯಿಲೆ ಇದೆ, ಇಲ್ಲ ಎಂದು ಹೇಳಬೇಡಿ, ಮನೆಯವರಿಗೂ.

## ಯಾವಾಗ ಕೈಬಿಟ್ಟು ಸಹಾಯ ಕೇಳಬೇಕು

ಒಂದೇ ವೇಫರ್‌ನ ಮೂರು ಚಿಪ್‌ಗಳಲ್ಲಿ ಒಂದೇ ರೀತಿಯ ಸೋರಿಕೆ ಕಂಡರೆ, ಅಥವಾ ಪ್ಲಾಸ್ಮಾ ಆದ ಮೇಲೂ ಮೂರಕ್ಕೆ ಮೂರೂ ಪಿಎಚ್‌ಗೆ ಮಿಡಿಯದಿದ್ದರೆ, ತೊಂದರೆ ತಯಾರಿಯಲ್ಲಿದೆ. ಮೇಜಿನ ಮೇಲೆ ಅದಕ್ಕೆ ಮದ್ದಿಲ್ಲ. ಚಿಪ್ ಮಾಡಿದವರ ಹತ್ತಿರ ಹೋಗಿ. ನಿಮ್ಮ ಕಾಲೇಜಿನಲ್ಲಿ ಕ್ಲೀನ್‌ರೂಮ್ ಇಲ್ಲದಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಇಂಜಿನಿಯರಿಂಗ್ ಕೇಂದ್ರ ಇದೆ. ಕೇಂದ್ರ ಸರ್ಕಾರದ ನೆರವಿನ ಐಎನ್‌ಯುಪಿ (ಇಂಡಿಯನ್ ನ್ಯಾನೊಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ) ಕಾರ್ಯಕ್ರಮದಡಿ ಹೊರಗಿನ ಕಾಲೇಜುಗಳ ಸಂಶೋಧಕರೂ ಅಲ್ಲಿ ಕೆಲಸ ಮಾಡಲು ಅರ್ಜಿ ಹಾಕಬಹುದು. ಹೋಗುವಾಗ ಚಿಪ್ ಜೊತೆ ಅದರ ಜಾತಕವನ್ನೂ ತೆಗೆದುಕೊಂಡು ಹೋಗಿ. ಮೊದಲ ದಿನದ ಗೆರೆ, ಇವತ್ತಿನ ಗೆರೆ, ಗೇಟ್ ಸೋರಿಕೆ, ಪಿಎಚ್ ಫಲಿತಾಂಶ. ಈ ನಾಲ್ಕು ಹಾಳೆ ಇದ್ದರೆ ಅನುಭವಿಗಳು ಅರ್ಧ ಗಂಟೆಯಲ್ಲಿ ದಾರಿ ತೋರಿಸುತ್ತಾರೆ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ಇಡುವುದು ಎಲ್ಲ ಮುಗಿದ ಮೇಲೆ. ಆ ಕಿರಣ ಆಕ್ಸೈಡಿನೊಳಗೆ ಚಾರ್ಜ್ ತುಂಬಿಬಿಡುತ್ತದೆ, ಇಂಗಾಲದ ಕೊಳೆಯನ್ನೂ ಕೂರಿಸುತ್ತದೆ. ತಂತಿ ಆಮೇಲೆ ಮೊದಲಿನ ತಂತಿಯಾಗಿ ಉಳಿಯುವುದಿಲ್ಲ. ನೋಡಿಯಾದ ಚಿಪ್‌ಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಮೇಲೆ "ಮತ್ತೆ ಅಳೆಯಬಾರದು" ಅಂತ ಚೀಟಿ ಅಂಟಿಸಿ.